ಟೆಕ್ಸಾಸಿನಲ್ಲಿ ಟಿಕೆಟ್ ಸಿಗದವರಿಲ್ಲ

ಟೆಕ್ಸಾಸಿನ ಶಾಲೆಗಳಲ್ಲಿ ನಾಲ್ಕನೇ ಕ್ಲಾಸಿಗೆ ಬಂದ ಮಕ್ಕಳಿಗೆ ಟೆಕ್ಸಾಸಿನದೇ ಚರಿತ್ರೆ ಓದಿಸುತ್ತಾರೆ. ಓದುವುದು ಮಕ್ಕಳು, ಪಾಸಾಗಬೇಕಾದ್ದು ಅಪ್ಪ ಅಮ್ಮ. ಮಾರ್ಚ್ ಕೊನೆಯ ಶನಿವಾರ ಆಸ್ಟಿನ್‌ನ ನಮ್ಮ ಮನೆಯ ಹಿತ್ತಲಲ್ಲಿ, ಮೇಜಿನ ಮೇಲೆ ದೊಡ್ಡ ಚಾರ್ಟ್ ಪೇಪರ್ ಹರಡಿತ್ತು. ಗಾಳಿಗೆ ಹಾರದಿರಲಿ ಅಂತ ನಾಲ್ಕು ಮೂಲೆಗೂ ಕಲ್ಲು. ಮಗಳು ಅನು ಸ್ಕೇಲಿಟ್ಟು ಆರು ಚೌಕ ಎಳೆದಿದ್ದಳು. ಟೆಕ್ಸಾಸಿನ ಆರು ಲಾಂಛನ ಆರಿಸಿ, ಚೌಕಕ್ಕೊಂದರಂತೆ ಚಿತ್ರ ಬರೆಯಬೇಕಿತ್ತು.

“ಆರೇ ತಾನೆ? ಅರ್ಧ ಗಂಟೆ ಕೆಲಸ” ಅಂದುಬಿಟ್ಟೆ. ಅಷ್ಟು ಹೊತ್ತಿಗೆ ಸೀನ, ಭಟ್ರು ಇಬ್ಬರೂ ಗೇಟು ತೆಗೆದು ಒಳಗೆ ಬಂದರು. ಅರ್ಧ ಗಂಟೆಯ ಆಸೆ ಅಲ್ಲಿಗೆ ಮುಗಿಯಿತು.

ಸೀನ ಮಂಡ್ಯದವನು. ಇಲ್ಲಿಗೆ ಬಂದು 22 ವರ್ಷ. ಹೆಣ್ಣು ಕೊಟ್ಟ ಮನೆಯನ್ನು ಬೈದರೂ ಸುಮ್ಮನಿರುತ್ತಾನೆ, ಟೆಕ್ಸಾಸನ್ನು ಬೈದರೆ ಮಾತು ಬಿಡುತ್ತಾನೆ. ಭಟ್ರು ಶಿರಸಿ ಕಡೆಯವರು. ಏನು ಹೇಳಿದರೂ ಮೊದಲು “ಹೌದಾ?” ಅನ್ನುತ್ತಾರೆ, ಆಮೇಲೂ ನಂಬುವುದಿಲ್ಲ. ಇನ್ನು ನಮ್ಮ ಮಾವ. ಹಾಸನದ ಕಡೆ ತಾಲ್ಲೂಕು ಆಫೀಸಿನಲ್ಲಿ 34 ವರ್ಷ ಫೈಲು ನೋಡಿ ರಿಟೈರ್ ಆದವರು. ಮಗಳ ಮನೆಗೆ ಮೂರು ತಿಂಗಳಿಗೆ ಅಂತ ಬಂದಿದ್ದಾರೆ. ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಹಿತ್ತಲಲ್ಲಿ ಹಕ್ಕಿ ಎಣಿಸುವುದು ಅವರ ಸದ್ಯದ ಡ್ಯೂಟಿ.

“ಈ ಮರದಲ್ಲಿ ಏಳು ಥರ ಹಕ್ಕಿ ಇವೆ ಕಣಪ್ಪ. ಬೆಳಗಿನಿಂದ ಏಳು ಥರ ಕೂಗು ಕೇಳಿದ್ದೀನಿ” ಅಂದರು ಮಾವ. “ಆದರೆ ಕಣ್ಣಿಗೆ ಬೀಳೋದು ಆ ಬೂದು ಬಣ್ಣದ್ದು ಒಂದೇ. ಎಲೆಯೇ ಬಾರದ ಮರದಲ್ಲಿ ಮಿಕ್ಕ ಆರು ಎಲ್ಲಿ ಅವಿತಿವೆಯೋ!”

ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ.

ಮೊದಲ ಚೌಕ ಹೂವಿಗೆ. ಬ್ಲೂಬಾನೆಟ್. ಈ ದಿನಗಳಲ್ಲಿ ಹೆದ್ದಾರಿಯ ಎರಡೂ ಬದಿ ಯಾರೋ ನೀಲಿ ರಂಗೋಲಿ ಪುಡಿಯ ಮೂಟೆ ಬಿಚ್ಚಿಕೊಂಡು ಹೋದ ಹಾಗೆ ಅರಳಿರುತ್ತದೆ. ಕಾರು ನಿಲ್ಲಿಸಿ, ಮಕ್ಕಳನ್ನು ಅದರ ಮಧ್ಯೆ ಕೂರಿಸಿ ಫೋಟೋ ತೆಗೆಯುವುದು ಇಲ್ಲಿ ವರ್ಷಕ್ಕೊಮ್ಮೆ ನಡೆಯಲೇಬೇಕಾದ ಶಾಸ್ತ್ರ. ಮಗು ಅಳುತ್ತಿರುತ್ತದೆ. ಅಮ್ಮ ನಗು ನಗು ಅಂತ ಕೂಗುತ್ತಿರುತ್ತಾಳೆ. ಅಪ್ಪ ಹಾವಿದೆಯಾ ಅಂತ ನೋಡುತ್ತಿರುತ್ತಾನೆ.

ಅನು ನೀಲಿ ಹಚ್ಚುತ್ತಾ ಪ್ರತಿ ಎಸಳಿನ ನಡುವೆ ಒಂದು ಬಿಳಿ ಚುಕ್ಕೆ ಬಿಟ್ಟಳು. ಗೊಂಚಲಿನ ಕೆಳಗಿನ ಹೂಗಳಲ್ಲಿ ಮಾತ್ರ ಆ ಚುಕ್ಕೆಗೆ ಕೆಂಪು ಹಚ್ಚಿದಳು.

“ಹೂವು ಹಳೇದಾದರೆ ಚುಕ್ಕೆ ಕೆಂಪಾಗತ್ತೆ ತಾತ. ಜೇನು ಅದನ್ನ ನೋಡಿ, ಇಲ್ಲಿ ಏನೂ ಉಳಿದಿಲ್ಲ ಅಂತ ಮುಂದಕ್ಕೆ ಹೋಗತ್ತೆ.”

“ಹೋಟೆಲ್ ಬಾಗಿಲಲ್ಲಿ ‘ಇಡ್ಲಿ ಖಾಲಿ’ ಅಂತ ಬೋರ್ಡ್ ಹಾಕ್ತಾರಲ್ಲ, ಹಾಗೆ” ಅಂದರು ಮಾವ.

“ಇದನ್ನ ಕಿತ್ತರೆ ಇಲ್ಲಿ ಜೈಲಂತೆ” ಭಟ್ರು ದನಿ ತಗ್ಗಿಸಿದರು.

“ಎಲ್ಲರೂ ಹಾಗೇ ಹೇಳ್ತಾರೆ ಭಟ್ರೇ. ಈ ಹೂವಿಗೆ ಅಂತ ಅಂಥ ಕಾನೂನೇನೂ ಇಲ್ಲ. ಬೇರೆಯವರ ಜಮೀನಿಗೆ ನುಗ್ಗಿ ಕಿತ್ತರೆ ಅದು ಬೇರೆ ಕೇಸು.”

“ಹೌದಾ?”

ಸೀನ ಕಾಲ ಮೇಲೆ ಕಾಲು ಹಾಕಿ ಕೂತ. “ಅಂಕಲ್, ಈ ಹೂವಿಗೂ ಸೀಟು ಸುಮ್ನೆ ಸಿಗಲಿಲ್ಲ. 1901ರಲ್ಲಿ ಇಲ್ಲಿನ ವಿಧಾನಸಭೆಯಲ್ಲಿ ಮೂರು ಕ್ಯಾಂಡಿಡೇಟ್ ಇದ್ದವು.”

ಮಾವ ಕುರ್ಚಿಯನ್ನು ಮರದ ಕಡೆಯಿಂದ ನಮ್ಮ ಕಡೆಗೆ ತಿರುಗಿಸಿಕೊಂಡರು. ಎಲೆಕ್ಷನ್ ಮಾತು ಬಂದ ಮೇಲೆ ಹಕ್ಕಿ ಯಾರಿಗೆ ಬೇಕು?

ಕಥೆ ಹೀಗೆ. ಒಬ್ಬರು ಹತ್ತಿ ಕಾಯಿ ಆಗಲಿ ಅಂದರು. ದುಡ್ಡು ತರುವ ಬೆಳೆ, ಅದೇ ನಮ್ಮ ಬಿಳಿ ಗುಲಾಬಿ ಅಂತ ವಾದ. ಜಾನ್ ನ್ಯಾನ್ಸ್ ಗಾರ್ನರ್ ಅನ್ನುವ ಯುವ ಶಾಸಕ, ಪಾಪಾಸುಕಳ್ಳಿಯೇ ಆಗಬೇಕು ಅಂತ ಹಟ ಹಿಡಿದ. ಮೂರನೆಯವರು ಬ್ಲೂಬಾನೆಟ್ ಅಂದರು. ಸಭೆಯಲ್ಲಿ ಕೆಲವರಿಗೆ ಅದು ಯಾವ ಹೂವು ಅಂತಲೇ ಗೊತ್ತಿರಲಿಲ್ಲವಂತೆ. ಆಗ ಹೆಂಗಸರ ಸಂಘದವರು ಬ್ಲೂಬಾನೆಟ್ಟಿನ ಒಂದು ಪೇಂಟಿಂಗ್ ತರಿಸಿ ಸಭೆಯ ಮುಂದೆ ಇಟ್ಟರು. ನೋಡಿದ ಮೇಲೆ ಮಾತೇ ಇಲ್ಲ. ಬ್ಲೂಬಾನೆಟ್ ಗೆದ್ದಿತು. ಗಾರ್ನರ್‌ಗೆ ‘ಕ್ಯಾಕ್ಟಸ್ ಜ್ಯಾಕ್’ ಅನ್ನುವ ಹೆಸರು ಅಂಟಿಕೊಂಡಿತು. ಮುಂದೆ ರೂಸ್‌ವೆಲ್ಟ್ ಜೊತೆ ಎಂಟು ವರ್ಷ ದೇಶದ ಉಪಾಧ್ಯಕ್ಷನಾದರೂ ಆ ಹೆಸರು ಬಿಡಲಿಲ್ಲ.

“ಸೋತವರ ಗತಿ ಏನಾಯಿತು, ಅದು ಹೇಳು” ಅಂದರು ಮಾವ.

“ಕಳ್ಳಿಯನ್ನ 1995ರಲ್ಲಿ ರಾಜ್ಯದ ಸಸ್ಯ ಅಂತ ಮಾಡಿದರು. ಹತ್ತಿಯನ್ನ 1997ರಲ್ಲಿ ರಾಜ್ಯದ ನಾರು ಮತ್ತು ಬಟ್ಟೆ ಅಂತ ಮಾಡಿದರು.”

ಮಾವ ತೊಡೆ ತಟ್ಟಿದರು. “ಹಾಗನ್ನು ಮತ್ತೆ! ಟಿಕೆಟ್ ತಪ್ಪಿದವರಿಗೆ ನಿಗಮ ಮಂಡಳಿ ಅಧ್ಯಕ್ಷಗಿರಿ! ನಮ್ಮಲ್ಲಿ ಆರು ತಿಂಗಳಲ್ಲಿ ಕೊಡ್ತಾರೆ, ಇವರು ತೊಂಬತ್ತು ಚಿಲ್ಲರೆ ವರ್ಷ ಕಾಯಿಸಿದ್ದಾರೆ. ಪದ್ಧತಿ ಮಾತ್ರ ಅದೇ.”

“ಬ್ಲೂಬಾನೆಟ್ ಮನೆ ಒಳಗೂ ಜಗಳ ಇತ್ತು ಅಂಕಲ್. 1901ರಲ್ಲಿ ಆರಿಸಿದ್ದು ಮರಳು ನೆಲದಲ್ಲಿ ಬೆಳೆಯೋ ಒಂದು ಸಾಧಾರಣ ಜಾತಿ. ನಾವೆಲ್ಲ ಫೋಟೋ ತೆಗೆಯೋದು ಇನ್ನೊಂದು, ದಟ್ಟ ಬಣ್ಣದ್ದು. ಯಾವುದು ಅಸಲಿ ಅಂತ 70 ವರ್ಷ ವಾದ ಮಾಡಿ, 1971ರಲ್ಲಿ ಎಲ್ಲ ಬ್ಲೂಬಾನೆಟ್ಟೂ ರಾಜ್ಯದ ಹೂವೇ ಅಂದುಬಿಟ್ಟರು.”

“ಬಣ ರಾಜಕೀಯ” ಅಂದರು ಮಾವ, ನಶ್ಯ ಏರಿಸಿದಷ್ಟು ಖುಷಿಯಿಂದ. ಆಮೇಲೆ ಇಡೀ ಟೆಕ್ಸಾಸ್ ಅವರಿಗೆ ಕೈಯಲ್ಲಿಟ್ಟ ಫೈಲಿನ ಹಾಗೆ ಅರ್ಥವಾಗತೊಡಗಿತು.

ಎರಡನೇ ಚೌಕ ಮರಕ್ಕೆ. ನಮ್ಮ ತಲೆಯ ಮೇಲಿದ್ದ ಮರವೇ, ಪೆಕಾನ್. ಇದರ ಕಥೆ ಹೇಳುವಾಗ ಸೀನ ನಿಜಕ್ಕೂ ಮೆತ್ತಗಾದ. ಜಿಮ್ ಹಾಗ್ ಅಂತ ಒಬ್ಬ ಗವರ್ನರ್ ಇದ್ದ. ಸಾಯುವ ಮುಂಚೆ, ನನಗೆ ಕಲ್ಲಿನ ಸಮಾಧಿ ಬೇಡ ಅಂದನಂತೆ. ತಲೆಯ ಕಡೆ ಒಂದು ಪೆಕಾನ್, ಕಾಲಿನ ಕಡೆ ಒಂದು ವಾಲ್‌ನಟ್ ಗಿಡ ನೆಡಿ, ಅವು ಬಿಟ್ಟ ಕಾಯನ್ನು ಟೆಕ್ಸಾಸಿನ ಜನಕ್ಕೆ ಹಂಚಿ, ಅವರೂ ನೆಟ್ಟುಕೊಳ್ಳಲಿ ಅಂತ. 1906ರಲ್ಲಿ ತೀರಿಕೊಂಡ. ಇದೇ ಆಸ್ಟಿನ್‌ನಲ್ಲಿ ಮಣ್ಣು ಮಾಡಿದರು. 1919ರಲ್ಲಿ ಪೆಕಾನ್ ರಾಜ್ಯದ ಮರ ಆಯಿತು.

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಭಟ್ರು ಕೂಡ “ಹೌದಾ?” ಅನ್ನಲಿಲ್ಲ.

“ಒಳ್ಳೇ ಮನುಷ್ಯ” ಅಂದರು ಮಾವ. “ಪೆಕಾನಿಗೆ ಅದೊಂದೇ ಹುದ್ದೆಯೋ?”

“2001ರಲ್ಲಿ ರಾಜ್ಯದ ಆರೋಗ್ಯಕರ ಬೀಜ. 2013ರಲ್ಲಿ ಪೆಕಾನ್ ಪೈ ರಾಜ್ಯದ ಪೈ” ಸೀನ ನೆಲ ನೋಡುತ್ತಾ ಹೇಳಿದ.

“ಒಂದೇ ಮನೆಗೆ ಮೂರು ಟಿಕೆಟ್!”

ನನ್ನ ಹೆಂಡತಿ ಪದ್ಮ ಒಳಗಿನಿಂದ ಬಜ್ಜಿ ತಟ್ಟೆ ಹಿಡಿದು ಬಂದಳು. “ನಮ್ಮ ಮರದ ಕಾಯಿ ಪೂರ್ತಿ ಅಳಿಲಿಗೇ ಹಂಚಿಕೆ ಅಪ್ಪ. ಮೂರು ವರ್ಷದಲ್ಲಿ ನಮ್ಮ ಪಾಲಿಗೆ ಸಿಕ್ಕಿದ್ದು ಒಂದು ಬಟ್ಟಲು.”

ಮೂರನೇ ಚೌಕದಲ್ಲಿ ಗಲಾಟೆ ಶುರುವಾಯಿತು. ಪ್ರಾಣಿ ಬರೆಯಬೇಕು. ಯಾವುದು? 1995ರಲ್ಲಿ ಮೂರಕ್ಕೆ ಒಟ್ಟಿಗೆ ಪಟ್ಟ ಕಟ್ಟಿದ್ದಾರೆ. ದೊಡ್ಡ ಸಸ್ತನಿ ಲಾಂಗ್‌ಹಾರ್ನ್ ದನ. ಸಣ್ಣ ಸಸ್ತನಿ ಆರ್ಮಡಿಲೊ. ಹಾರುವ ಸಸ್ತನಿ ಬಾವಲಿ.

“ಹಾರುವ ಕೋಟಾ ಬೇರೆ ಮಾಡಿದ್ದಾರಾ!” ಮಾವನಿಗೆ ತಡೆಯಲಾಗಲಿಲ್ಲ. “ಅದರಲ್ಲಿ ಬಾವಲಿ ಬಿಟ್ಟು ಇನ್ನೊಬ್ಬ ನಿಲ್ಲೋಕೇ ಆಗಲ್ಲ. ಅವಿರೋಧ ಆಯ್ಕೆ.”

ಸೀನ ಲಾಂಗ್‌ಹಾರ್ನ್ ಬರಿ ಅಂದ. ಕೊಂಬಿನ ಒಂದು ತುದಿಯಿಂದ ಇನ್ನೊಂದು ತುದಿಗೆ ಆರು ಅಡಿ ದಾಟುತ್ತದೆ ಅಂತ ಕೈ ಅಗಲಿಸಿ ತೋರಿಸಿದ. ಭಟ್ರ ಟೀ ಲೋಟ ಉರುಳಿತು. ಮಾವ ಗಂಭೀರವಾಗಿ ಕೇಳಿದರು: “ನಮ್ಮ ಹಳ್ಳಿಕಾರ್ ಕೊಂಬು ಹಿಂದಕ್ಕೆ ಬಾಗಿರತ್ತೆ, ಕೊಟ್ಟಿಗೆ ಬಾಗಿಲಲ್ಲಿ ಸಲೀಸಾಗಿ ಹೋಗತ್ತೆ. ಇದು ಹೇಗೆ ಹೋಗತ್ತಪ್ಪ?” ಸೀನನ ಹತ್ತಿರ ಉತ್ತರ ಇರಲಿಲ್ಲ. 22 ವರ್ಷದಲ್ಲಿ ಅವನನ್ನು ಯಾರೂ ಹೀಗೆ ಕೇಳಿರಲಿಲ್ಲ.

ಭಟ್ರು ಆರ್ಮಡಿಲೊ ಪರ. ನಮ್ಮ ಚಿಪ್ಪುಹಂದಿಯ ಹಾಗೆ ಕವಚ ತೊಟ್ಟ ಪ್ರಾಣಿ ಅದು. ಬೆಚ್ಚಿಬಿದ್ದರೆ ನಿಂತಲ್ಲಿಂದಲೇ ಮೂರು ಅಡಿ ಮೇಲಕ್ಕೆ ನೆಗೆಯುತ್ತದೆ. ಕಾರು ಬಂದಾಗ ಸುಮ್ಮನೆ ತಗ್ಗಿ ಕೂತಿದ್ದರೆ ಬದುಕುತ್ತಿತ್ತೋ ಏನೋ, ನೆಗೆದು ಬಂಪರಿಗೆ ತಲೆ ಕೊಡುತ್ತದೆ. ಹಾಗಾಗಿ ನಾನು ಇದುವರೆಗೆ ಈ ಲಾಂಛನವನ್ನು ನೋಡಿರುವುದು ಜಾಸ್ತಿ ರಸ್ತೆ ಬದಿಯಲ್ಲಿ, ಕಾಲು ಮೇಲೆ ಮಾಡಿ ಮಲಗಿರುವಾಗ.

“ಒಂದು ಸಲಕ್ಕೆ ನಾಲ್ಕು ಮರಿ ಹಾಕ್ತದೆ ರಾಯರೇ. ಒಂದೇ ಮೊಟ್ಟೆ ಒಡೆದು ನಾಲ್ಕಾದವು. ನಾಲ್ಕೂ ಗಂಡು, ಇಲ್ಲಾ ನಾಲ್ಕೂ ಹೆಣ್ಣು” ಅಂದರು ಭಟ್ರು.

“ನಾಲ್ಕು ಓಟು ಗ್ಯಾರಂಟಿ” ಅಂದರು ಮಾವ.

ನನ್ನ ಓಟು ಬಾವಲಿಗೆ. ಆಸ್ಟಿನ್‌ನಲ್ಲಿದ್ದು ಬಾವಲಿಯನ್ನು ಬಿಟ್ಟರೆ ಪಾಪ ಸುತ್ತಿಕೊಳ್ಳುತ್ತದೆ. ಕಾಂಗ್ರೆಸ್ ಅವೆನ್ಯೂ ಸೇತುವೆಯನ್ನು 1980ರಲ್ಲಿ ಹೊಸದಾಗಿ ಕಟ್ಟಿದಾಗ, ಅಡಿಯ ಕಾಂಕ್ರೀಟಿನಲ್ಲಿ ಕಿರಿದಾದ ಉದ್ದ ಸಂದುಗಳು ಉಳಿದವು. ಎಂಜಿನಿಯರಿಗೆ ಅವು ಸಂದು, ಬಾವಲಿಗೆ ಬಾಡಿಗೆ ಇಲ್ಲದ ಮನೆ. ಬೇಸಿಗೆಯಲ್ಲಿ 15 ಲಕ್ಷದವರೆಗೂ ಸೇರುತ್ತವೆ. ಮೊದಮೊದಲು ಜನ ಹೆದರಿ, ಓಡಿಸಿ, ಕೊಲ್ಲಿ ಅಂತ ಗದ್ದಲ ಮಾಡಿದರು. ಈಗ ಅದೇ ಜನ ಸಂಜೆ ಚಾಪೆ ಹಾಸಿಕೊಂಡು, ಅವು ಹೊಗೆಯ ಹಾಗೆ ಎದ್ದು ಹೋಗುವುದನ್ನು ನೋಡಲು ಕಾಯುತ್ತಾರೆ. ದೋಣಿಯವರಿಗೆ ಟಿಕೆಟ್ ವ್ಯಾಪಾರ ಬೇರೆ.

ಗಲಾಟೆ ಜೋರಾಯಿತು. ಪದ್ಮ ತಟ್ಟೆಯನ್ನು ಮೇಜಿಗೆ ಕುಕ್ಕಿದಳು. “ಈ ರಾಜ್ಯದ ಧ್ಯೇಯವಾಕ್ಯ ‘ಸ್ನೇಹ’ ಅಂತೆ. 1930ರಿಂದ ಅದೇ. ಟೆಕ್ಸಾಸ್ ಅನ್ನೋ ಹೆಸರೇ ಇಲ್ಲಿನ ಮೂಲನಿವಾಸಿ ಕ್ಯಾಡೊ ಜನರ ‘ಸ್ನೇಹಿತರು’ ಅನ್ನೋ ಮಾತಿನಿಂದ ಬಂದಿದ್ದು. ನೀವು ಒಂದು ದನಕ್ಕೆ ಕಿತ್ತಾಡ್ತಾ ಇದ್ದೀರ. ಬಜ್ಜಿ ತಿನ್ನಿ, ಆರತ್ತೆ.”

ಮಾವ ಒಂದು ಬಜ್ಜಿ ತೆಗೆದುಕೊಂಡು ಅರ್ಧ ಕಚ್ಚಿದರು. ಅಗಿಯುವುದು ನಿಂತಿತು. ಕಣ್ಣಲ್ಲಿ ನೀರು ತುಂಬಿತು. ಕೈಸನ್ನೆಯಲ್ಲಿ ನೀರು ಕೇಳಿದರು. ಕುಡಿದು, ಬಾಯಿಂದ ಗಾಳಿ ಎಳೆದುಕೊಂಡು, “ಇದೇನು ಲಾಂಛನ?” ಅಂದರು.

ಊರಿನ ಬಜ್ಜಿ ಮೆಣಸಿನಕಾಯಿ ಸಿಗಲಿಲ್ಲ ಅಂತ ಪದ್ಮ ಹಲಪೀನ್ಯೊ ಸೀಳಿ ಕಡಲೆಹಿಟ್ಟಿನಲ್ಲಿ ಅದ್ದಿದ್ದಳು. ಮಾವ ತಮಾಷೆಗೆ ಕೇಳಿದ್ದು ನಿಜವೇ ಆಗಿತ್ತು. ಹಲಪೀನ್ಯೊ 1995ರಿಂದ ರಾಜ್ಯದ ಮೆಣಸಿನಕಾಯಿ. ಹಾಗಾದರೆ ಕಾಡಿನಲ್ಲಿ ತಾನೇ ಬೆಳೆಯುವ, ಬಟಾಣಿಗಿಂತ ಚಿಕ್ಕದಾದ ಚಿಲ್ಟೆಪಿನ್ ಏನು ತಪ್ಪು ಮಾಡಿತ್ತು ಅಂತ, 1997ರಲ್ಲಿ ಅದನ್ನು ರಾಜ್ಯದ ‘ಮೂಲ’ ಮೆಣಸಿನಕಾಯಿ ಮಾಡಿದರು.

“ಹಕ್ಕಿ ತಿಂದು ಬೀಜ ಬೀಳಿಸಿ ಬೆಳೆಯೋದಾ? ಹಾಗಿದ್ರೆ ನಮ್ಮ ಜೀರಿಗೆ ಮೆಣಸಿನ ನೆಂಟ!” ಭಟ್ರ ಮುಖ ಆ ಸಂಜೆ ಮೊದಲ ಸಲ ಅರಳಿತು.

“ನಿಮ್ಮದೂ ಈ ಖಂಡದಿಂದಲೇ ಬಂದಿದ್ದು ಭಟ್ರೇ” ಅಂದ ಸೀನ.

“ಹೌದಾ?”

ಆಮೇಲಿನದು ಒಂದೇ ಓಟ. ರಾಜ್ಯದ ಅಡುಗೆ ಚಿಲಿ ಅನ್ನುವ ಖಾರದ ಮಾಂಸದ ಸಾರು, 1977. ಅದರಲ್ಲಿ ಕಾಳು ಹಾಕಿದರೆ ಅಸಲಿ ಟೆಕ್ಸಾಸಿನವರು ಮನೆಗೆ ಸೇರಿಸುವುದಿಲ್ಲ. ಜರ್ಮನ್ನರ ಸ್ಟ್ರೂಡಲ್, ಮೆಕ್ಸಿಕೊ ಕಡೆಯ ಸೋಪಪೀಯ, ಎರಡೂ 2003ರಿಂದ 2005ರವರೆಗೆ ಜಂಟಿಯಾಗಿ ರಾಜ್ಯದ ಸಿಹಿತಿಂಡಿ. “ಸಮ್ಮಿಶ್ರ ಸರ್ಕಾರ. ಎರಡು ವರ್ಷ ಬಾಳಿದ್ದೇ ದೊಡ್ಡದು” ಅಂದರು ಮಾವ. ಬೂಟು 2007, ಹ್ಯಾಟು 2015. ಸೀನ ಎರಡನ್ನೂ ಹಾಕಿಕೊಂಡೇ ಬಂದಿದ್ದ. ಮಾವ ಅವನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, “ನಿನ್ನನ್ನೇ ಚೌಕದಲ್ಲಿ ನಿಲ್ಲಿಸಬಹುದು” ಅಂದರು.

ಮಾವನಿಗೆ ಬಹಳ ಹಿಡಿಸಿದ್ದು ಡೈನೋಸಾರ್. 1997ರಲ್ಲಿ ಪ್ಲೂರೊಸೀಲಸ್ ಅನ್ನುವುದನ್ನು ರಾಜ್ಯದ ಡೈನೋಸಾರ್ ಮಾಡಿದರು. ಕೆಲವು ವರ್ಷದ ಮೇಲೆ ಒಬ್ಬ ವಿದ್ಯಾರ್ಥಿ ಮೂಳೆಗಳನ್ನು ಕೂತು ನೋಡಿ, ಇದು ಅದಲ್ಲ, ಬೇರೆಯೇ ಅಂದ. 2009ರಲ್ಲಿ ಮತ್ತೆ ಠರಾವು ಮಾಡಿ ಪಾಲಕ್ಸಿಸಾರಸ್ ಅಂತ ಬದಲಾಯಿಸಿದರು.

“ಹೆಸರು ತಿದ್ದುಪಡಿ ಅರ್ಜಿ” ಮಾವ ಕಣ್ಣು ಮುಚ್ಚಿಕೊಂಡರು. “ನನ್ನ ಸರ್ವಿಸಿನಲ್ಲಿ ಸಾವಿರ ನೋಡಿದ್ದೀನಿ. ಆದರೆ ಅರ್ಜಿದಾರ ತೀರಿಕೊಂಡು ಎಷ್ಟು ವರ್ಷ ಆಗಿತ್ತು?”

“ಒಂದು 11 ಕೋಟಿ ವರ್ಷ.”

“ಅಫಿಡವಿಟ್ ಯಾರು ಕೊಟ್ಟರೋ!”

ರಾಜ್ಯಗೀತೆಯ ವಿಷಯ ಸೀನ ತಾನಾಗಿ ಎತ್ತಲಿಲ್ಲ, ನಾನೇ ಎತ್ತಿದೆ. 1929ರಲ್ಲಿ ಒಪ್ಪಿಕೊಂಡ ಹಾಡಿನಲ್ಲಿ ಟೆಕ್ಸಾಸ್ ಎಲ್ಲಕ್ಕಿಂತ ದೊಡ್ಡದು ಅಂತ ಇತ್ತು. 1959ರಲ್ಲಿ ಅಲಾಸ್ಕಾ ರಾಜ್ಯವಾಯಿತು, ಟೆಕ್ಸಾಸಿನ ಎರಡರಷ್ಟಕ್ಕಿಂತ ಜಾಸ್ತಿ ದೊಡ್ಡದು. ‘ದೊಡ್ಡದು’ ಅನ್ನುವ ಪದ ತೆಗೆದು ‘ಧೈರ್ಯದ್ದು’ ಅನ್ನುವ ಅರ್ಥದ ಪದ ಹಾಕಿದರು. ಸೀನ ಹ್ಯಾಟು ತೆಗೆದು ಮೊಣಕಾಲ ಮೇಲಿಟ್ಟುಕೊಂಡ. “ಆ ಅಲಾಸ್ಕಾದಲ್ಲಿ ಇರೋದೆಲ್ಲ ಬರೀ ಮಂಜು ಕಣೋ” ಅಂದ.

ಇಷ್ಟೆಲ್ಲ ಆಗುವಾಗ ಅನು ಒಬ್ಬಳೇ ಕೆಲಸ ಮಾಡುತ್ತಿದ್ದಳು. ನೋಡಿದರೆ ಐದು ಚೌಕ ತುಂಬಿತ್ತು. ನಮ್ಮಲ್ಲಿ ಯಾರನ್ನೂ ಕೇಳದೆ ಆರ್ಮಡಿಲೊ ಬರೆದಿದ್ದಳು, ನಾಲ್ಕು ಮರಿಗಳ ಸಮೇತ. ಆರನೆಯದರಲ್ಲಿ ಉದ್ದ ಬಾಲದ ಬೂದು ಹಕ್ಕಿಯೊಂದು ಮೂಡುತ್ತಿತ್ತು.

“ಮಾಕಿಂಗ್‌ಬರ್ಡ್ ತಾತ. 1927ರಿಂದ ರಾಜ್ಯದ ಹಕ್ಕಿ. ಇನ್ನೂ ನಾಲ್ಕು ರಾಜ್ಯಕ್ಕೆ ಇದೇ ಹಕ್ಕಿ.”

“ನಮ್ಮ ನೀಲಕಂಠವನ್ನೂ ಒಡಿಶಾ, ತೆಲಂಗಾಣದವರು ಇಟ್ಟುಕೊಂಡಿದ್ದಾರೆ ಬಿಡು. ಇದರದ್ದೇನು ವಿಶೇಷ?”

“ಬೇರೆ ಹಕ್ಕಿಗಳ ಕೂಗನ್ನೆಲ್ಲ ಅಣಕಿಸತ್ತೆ. ಒಂದೇ ಹಕ್ಕಿ, ಬೇಕಾದಷ್ಟು ದನಿ. ಅದೇ, ಅಲ್ಲಿ ಕೂತಿದೆಯಲ್ಲ!”

ಮಾವ ನಿಧಾನವಾಗಿ ಕುರ್ಚಿಯನ್ನು ಮರದ ಕಡೆ ತಿರುಗಿಸಿದರು. ಬೋಳು ಕೊಂಬೆಯ ಮೇಲೆ ಬೂದು ಹಕ್ಕಿ ಬಾಲ ಕುಣಿಸಿತು. ಬೆಳಗಿನಿಂದ ಎಣಿಸಿದ ಏಳೂ ಅವರ ಮುಖದಲ್ಲಿ ಒಂದೊಂದಾಗಿ ಹಾದುಹೋದವು.

“ಒಬ್ಬನೇ ಏಳು ಹೆಸರಲ್ಲಿ ರೇಷನ್ ಕಾರ್ಡ್ ಮಾಡಿಸಿದ್ದಾನೆ” ಅಂದರು.

ಅಷ್ಟರಲ್ಲಿ ಕಾರಿನ ಅಲಾರಂ ಹೊಡೆದುಕೊಳ್ಳತೊಡಗಿತು. “ನನ್ನ ಟ್ರಕ್ಕು!” ಅಂತ ಸೀನ ಹ್ಯಾಟು ಬೀಳಿಸಿ, ಜೇಬಲ್ಲಿ ಕೀ ತಡಕಾಡುತ್ತಾ, ಬೂಟು ಟಪಟಪ ಬಡಿಯುತ್ತಾ ಗೇಟಿನ ಕಡೆ ಓಡಿದ. ಭಟ್ರೂ ಹಿಂದೆ ಓಡಿದರು.

ಮಾವ ಕೂತಲ್ಲಿಂದ ಏಳಲಿಲ್ಲ. ಕೊಂಬೆಯನ್ನೇ ನೋಡುತ್ತಾ, ಉಳಿದರ್ಧ ಬಜ್ಜಿಯನ್ನು ಧೈರ್ಯ ಮಾಡಿ ಬಾಯಿಗೆ ಹಾಕಿಕೊಂಡು, “ಎಂಟು” ಅಂದರು.