ವಾಘೋಲಿಯ ನೀಲಿ ಕಲ್ಲು ಕವನ್‌ಸೈಟೇ ಅಂತ ಸ್ಥಳದಲ್ಲೇ ಗುರುತಿಸೋದು ಹೇಗೆ? ಅನುಭವ ಇದ್ದವರು ಹೇಳಿ

ಪುಣೆ ಕನ್ನಡಿಗ: ಪರಿಚಯದ ಕಾಂಟ್ರಾಕ್ಟರ್ ಒಬ್ಬರು ಪುಣೆ ಪಕ್ಕದ ವಾಘೋಲಿ ಹತ್ತಿರದ ಕಲ್ಲು ಕ್ವಾರಿಗೆ ಕರೆದುಕೊಂಡು ಹೋಗ್ತೀನಿ ಅಂದಿದ್ದಾರೆ. ಅಲ್ಲಿ ನೀಲಿ ಹರಳು ಕಂಡರೆ ಅದು ಅಪರೂಪದ ಖನಿಜ ಕವನ್‌ಸೈಟ್ ಹೌದೋ ಅಲ್ಲವೋ ಅಂತ ಹೇಗೆ ತಿಳಿಯೋದು? ಅದರ ಹಾಗೇ ನೀಲಿಯಾಗಿರೋ ಪೆಂಟಗೋನೈಟ್ ಅನ್ನೋ ಖನಿಜ ಇನ್ನೂ ಅಪರೂಪವಂತೆ. ಅದನ್ನ ಬೇರೆ ಮಾಡಿ ಗುರುತಿಸೋಕೆ ಆಗುತ್ತಾ?

ಹರಳು ಹುಚ್ಚು: ಬಣ್ಣ ನೋಡಿದ ಕೂಡಲೇ ಕುಣಿಯಬೇಡಿ, ಮೊದಲು ಅದರ ಅಕ್ಕಪಕ್ಕ ಏನಿದೆ ನೋಡಿ. ಕವನ್‌ಸೈಟ್ ಕರಿಕಲ್ಲಿನ ಮೈಗೆ ಹರಡಿಕೊಂಡಿರೋದಿಲ್ಲ. ಕಲ್ಲಿನೊಳಗಿನ ಪೊಳ್ಳುಗಳಲ್ಲಿ, ಬಿರುಕುಗಳಲ್ಲಿ, ಬಿಳಿ ಅಥವಾ ಕೆನೆಬಣ್ಣದ ಸ್ಟಿಲ್ಬೈಟ್, ಹ್ಯೂಲಂಡೈಟ್ (ಎರಡೂ ಜಿಯೋಲೈಟ್ ಗುಂಪಿನ ಖನಿಜಗಳು) ಹರಳುಗಳ ಮೇಲೆ ಕೂತಿರುತ್ತೆ. ಆಕಾರ ಥೇಟ್ ಕದಂಬದ ಹೂವು: ನಡುವಿನಿಂದ ಎಲ್ಲ ದಿಕ್ಕಿಗೂ ಸೂಜಿಗಳು ಹೊರಟು ಗುಂಡಗಾಗಿರುತ್ತೆ. ಹತ್ತು ಪಟ್ಟು ದೊಡ್ಡದಾಗಿ ತೋರಿಸೋ ಲೂಪ್ (ಕೈ ಭೂತಗನ್ನಡಿ) ಹಿಡಿದರೆ ಒಂದೊಂದು ಸೂಜಿಯ ತುದಿಯೂ ಗಾಜಿನ ಹಾಗೆ ಮಿನುಗೋದು ಕಾಣುತ್ತೆ. ಪೊಳ್ಳಿನ ಗೋಡೆಗೆ ಹಸಿರು ಮಣ್ಣು ಬಳಿದ ಹಾಗಿದ್ದು, ಹೊಳಪೇ ಇಲ್ಲದಿದ್ದರೆ ಅದು ಸೆಲಡೊನೈಟ್ ಇರಬಹುದು. ದಖ್ಖನ್ ಕಲ್ಲಿನಲ್ಲಿ ಅದು ಬೇಕಾದಷ್ಟು.

ಭೂವಿಜ್ಞಾನ ಮೇಷ್ಟ್ರು: ಮೇಲಿನವರು ಹೇಳಿದ್ದು ಸರಿ. ಅದರ ಜೊತೆಗೆ ತೂಕವನ್ನೂ ಗಮನಿಸಿ. ಕವನ್‌ಸೈಟ್ ಸಾಂದ್ರತೆ 2.2 ರಿಂದ 2.3ರ ಆಸುಪಾಸು, ಅಂದರೆ ಕ್ವಾರ್ಟ್ಸ್‌ಗಿಂತಲೂ (2.65) ಹಗುರ. ಅಜುರೈಟ್‌ನಂಥ ತಾಮ್ರದ ನೀಲಿ ಖನಿಜ 3.8ರ ಹತ್ತಿರ ಬರುತ್ತೆ. ಆದರೆ ಬಿಡಿ ತುಂಡು ಕೈಗೆ ಸಿಕ್ಕಾಗ ಮಾತ್ರ ಈ ಹೋಲಿಕೆ ನಡೆಯೋದು, ಮ್ಯಾಟ್ರಿಕ್ಸ್ (ಹರಳು ಅಂಟಿಕೊಂಡಿರೋ ತಾಯಿಕಲ್ಲು) ಮೇಲಿದ್ದರೆ ಉಪಯೋಗವಿಲ್ಲ. ಗಡಸುತನ ಮೋಸ್ ಮಾಪನದಲ್ಲಿ (1ರಿಂದ 10) 3ರಿಂದ 4. ಚಾಕುವಿನಿಂದ ಗೀರಿದರೆ ಗೀರು ಬೀಳುತ್ತೆ, ಹರಳೂ ಹಾಳಾಗುತ್ತೆ. ದಯವಿಟ್ಟು ಗೀರಬೇಡಿ.

ಕವನ್‌ಸೈಟ್‌ಗೆ ನೀಲಿ ಬಣ್ಣ ಬರೋದು ವೆನೇಡಿಯಂ ಅನ್ನೋ ಲೋಹದಿಂದ. ಕ್ಯಾಲ್ಸಿಯಂ, ವೆನೇಡಿಯಂ, ಸಿಲಿಕಾ, ನೀರು, ಇಷ್ಟೇ ಅದರ ಒಡಲು. ಮೊದಲು ಸಿಕ್ಕಿದ್ದು ಅಮೆರಿಕದ ಒರೆಗಾನ್ ರಾಜ್ಯದಲ್ಲಿ, 1967ರಲ್ಲಿ. ಹೊಸ ಖನಿಜ ಅಂತ ವಿವರಣೆ ಪ್ರಕಟವಾದದ್ದು 1973ರಲ್ಲಿ, ಪೆಂಟಗೋನೈಟ್ ಜೊತೆಗೇ. ಆದರೆ ಜಗತ್ತಿನ ಮ್ಯೂಸಿಯಂಗಳಲ್ಲಿ ಕಾಣೋ ಚೆಂದದ ಮಾದರಿಗಳು ಹೆಚ್ಚಾಗಿ ವಾಘೋಲಿಯವೇ.

ಪೆಂಟಗೋನೈಟ್ ವಿಚಾರ ಸ್ವಲ್ಪ ತೊಡಕು. ಎರಡರದ್ದೂ ರಾಸಾಯನಿಕ ಸೂತ್ರ ಒಂದೇ, ಪರಮಾಣುಗಳ ಜೋಡಣೆ ಮಾತ್ರ ಬೇರೆ. ಹಾಗಾಗಿ ಯಾವ ಧಾತು ಎಷ್ಟಿದೆ ಅಂತ ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸಿದರೆ ದುಡ್ಡು ದಂಡ, ಉತ್ತರ ಒಂದೇ ಬರುತ್ತೆ. ಎಕ್ಸ್‌ರೇ ಡಿಫ್ರಾಕ್ಷನ್ (ಪರಮಾಣುಗಳ ಜೋಡಣೆ ತೋರಿಸೋ ಪರೀಕ್ಷೆ) ಮಾಡಿಸಬೇಕು. ಕ್ವಾರಿಯಲ್ಲಿ ನಿಂತು ನೋಡೋದಾದರೆ, ಪೆಂಟಗೋನೈಟ್ ಸಾಮಾನ್ಯವಾಗಿ ಒತ್ತಾದ ಉಂಡೆಯಾಗದೆ ಉದ್ದನೆಯ ತೆಳು ಕಡ್ಡಿಗಳಾಗಿ ಬಿಡಿಬಿಡಿಯಾಗಿ ಚಾಚಿರುತ್ತೆ. ಒಂದು ಕಡ್ಡಿ ಅಡ್ಡಕ್ಕೆ ಮುರಿದಿದ್ದರೆ ನಿಮ್ಮ ಅದೃಷ್ಟ. ತುದಿಯನ್ನ ನೇರ ಮೇಲಿಂದ ಲೂಪ್‌ನಲ್ಲಿ ನೋಡಿ. ಐದು ಹರಳು ಒಂದಕ್ಕೊಂದು ಬೆಸೆದು ಐದು ಮೂಲೆಯ ನಕ್ಷತ್ರ ಕಂಡರೆ ಅನುಮಾನವೇ ಬೇಡ. ನಕ್ಷತ್ರ ಕಾಣದಿದ್ದರೆ ಚೀಟಿಯಲ್ಲಿ ಹೆಸರಿನ ಪಕ್ಕ ಪ್ರಶ್ನಾರ್ಥಕ ಚಿಹ್ನೆ ಹಾಕಿಡಿ.

ವಿಜಯಪುರದವ: ಖಣಿಯೊಳಗ ಹೋಗೂಕಿಂತ ಮೊದಲ ಮಾಲಕರನ್ನ ಕೇಳ್ರಿ, ಕಾಂಟ್ರಾಕ್ಟರ್ ಪರಿಚಯ ಅಷ್ಟ ಸಾಲೂದಿಲ್ಲ. ಬ್ಲಾಸ್ಟ್ ಆದಮ್ಯಾಲೆ ಗೋಡಿ ಬುಡಕ್ಕ ನಿಲ್ಲಬ್ಯಾಡ್ರಿ, ಸಡಲಾದ ಕಲ್ಲು ಮ್ಯಾಲಿಂದ ಉದುರತಾವ. ಹೆಲ್ಮೆಟ್ ಬೇಕ ಬೇಕು. ಕ್ರಷರಿಗೆ ಹೋಗೂ ಮುಂಚೆ ಹೊರಗ ಒಗದ ರಾಶಿಯೊಳಗ ಹುಡುಕ್ರಿ. ನಮ್ಮ ಕಡೆನೂ ಅದ ದಖ್ಖನ್ ಟ್ರ್ಯಾಪ್ (ಲಾವಾ ಆರಿ ಆದ) ಕಲ್ಲ ಐತಿ, ಸುಮಾರು 6.6 ಕೋಟಿ ವರ್ಷದ್ದು. ಬಿಳಿ ಜಿಯೋಲೈಟ್ ಕಣ್ಣಿಗೆ ಬೀಳ್ತಾವ, ನೀಲಿ ಮಾತ್ರ ನಾ ಕಂಡಿಲ್ಲ.

ಸಂಗ್ರಹಕಾರ, ಬೆಂಗಳೂರು: ಹುಡುಕಿದರೂ ಸಿಗದೇ ಕೊನೆಗೆ ಕೊಂಡುಕೊಳ್ಳೋದೇ ಹೆಚ್ಚು, ಅದಕ್ಕೇ ಈ ಮಾತು. ಉದುರಿದ ನೀಲಿ ಉಂಡೆಯನ್ನ ಬೇರೆ ಸ್ಟಿಲ್ಬೈಟ್ ಮೇಲೆ ಅಂಟಿಸಿ ಮಾರುವವರಿದ್ದಾರೆ. ಉಂಡೆಯ ಬುಡ ನೋಡಿ. ನಿಜವಾದದ್ದರಲ್ಲಿ ಬಿಳಿ ಹರಳು ಮತ್ತು ನೀಲಿ ಸೂಜಿ ಒಂದರೊಳಗೊಂದು ಹೊಕ್ಕು ಬೆಳೆದಿರುತ್ತೆ. ಅಂಟಿಸಿದ್ದರಲ್ಲಿ ಅಲ್ಲೊಂದು ನುಣುಪಾದ ಜಿಗುಟು ಅಂಚು, ಕೆಲವೊಮ್ಮೆ ಗಾಳಿಗುಳ್ಳೆ. ಎಷ್ಟೋ ಬಗೆಯ ಅಂಟು ಯುವಿ ಟಾರ್ಚ್ ಬಿಟ್ಟರೆ ಹೊಳೆಯುತ್ತೆ. ಬಣ್ಣ ಹಾಕಿದ್ದಾದರೆ ನೀಲಿ ಬಿರುಕುಗಳಲ್ಲಿ ಇಂಗಿ ಗಾಢವಾಗಿರುತ್ತೆ. ಹತ್ತಿಗೆ ಅಸಿಟೋನ್ ಅದ್ದಿ ಮೂಲೆಯಲ್ಲಿ ಒರೆಸಿ, ಹತ್ತಿ ನೀಲಿಯಾದರೆ ಕಲ್ಲು ವಾಪಸ್ ಕೊಟ್ಟುಬಿಡಿ.

ಪುಣೆ ಕನ್ನಡಿಗ: ಎಲ್ಲರಿಗೂ ಥ್ಯಾಂಕ್ಸ್. ಆಸಿಡ್ ಹನಿ ಹಾಕಿ ನೋಡಬಹುದಾ?

ಭೂವಿಜ್ಞಾನ ಮೇಷ್ಟ್ರು: ಅಜುರೈಟ್ ಕಾರ್ಬೊನೇಟ್ ಆದ್ದರಿಂದ ಆಸಿಡ್‌ಗೆ ನೊರೆ ಬರುತ್ತೆ, ಕವನ್‌ಸೈಟ್‌ಗೆ ಬರಲ್ಲ. ಆದರೂ ಒಳ್ಳೆ ಮಾದರಿ ಮೇಲೆ ಬೇಡ. ಪಕ್ಕದಲ್ಲಿ ಕ್ಯಾಲ್ಸೈಟ್ ಇದ್ದರೆ ಅದು ನೊರೆಯಾಡಿ ನಿಮ್ಮ ದಾರಿ ತಪ್ಪಿಸುತ್ತೆ. ಒಡೆದು ಬಿದ್ದ ಚೂರು ಇದ್ದರೆ ಅದರ ಮೇಲೆ ಪ್ರಯೋಗ ಮಾಡಿ.

ಹರಳು ಹುಚ್ಚು: ಪ್ಯಾಕಿಂಗ್ ಮರೀಬೇಡಿ. ಉಂಡೆಗಳು ಸ್ವಲ್ಪ ತಾಗಿದರೂ ಕಳಚಿ ಬೀಳ್ತವೆ. ಹತ್ತಿ ನೇರ ಸುತ್ತಿದರೆ ಎಳೆ ಸೂಜಿಗೆ ಸಿಕ್ಕಿಕೊಳ್ಳುತ್ತೆ, ಅದರ ಬದಲು ಮ್ಯಾಟ್ರಿಕ್ಸ್‌ನ ತಳವನ್ನ ಡಬ್ಬಿಗೆ ಅಲುಗಾಡದ ಹಾಗೆ ಕೂರಿಸಿ, ನೀಲಿ ಭಾಗಕ್ಕೆ ಏನೂ ತಗುಲದಿರಲಿ. ಯಾವ ಕ್ವಾರಿ, ಯಾವ ಪದರ, ತಾರೀಖು, ಮೂರನ್ನೂ ಅಲ್ಲೇ ಬರೆದು ಡಬ್ಬಿಯೊಳಗೆ ಹಾಕಿ.