ಕಲಿಯುವ ಮಗಳಿಗೆ ಸಾದಾ ಪೇಟಿಯೋ, ಹೆಸರಾಂತ ತಯಾರಕರ ಪೇಟಿಯೋ?

ಪ್ರಶ್ನೆ (ಗದಗ)

ನನ್ನ ಮಗಳು ಹಿಂದೂಸ್ತಾನಿ ಗಾಯನ ಕಲಿಯುತ್ತಿದ್ದು, ಇದುವರೆಗೆ ಗುರುಗಳ ಮನೆಯ ಹಾರ್ಮೋನಿಯಂ ಪೇಟಿಯ ಮೇಲೆಯೇ ಅಭ್ಯಾಸ ನಡೆದಿತ್ತು. ಈಗ ಮನೆಯಲ್ಲೊಂದು ಬೇಕಾಗಿದೆ. ಹುಬ್ಬಳ್ಳಿಯ ಅಂಗಡಿಯಲ್ಲಿ ₹15,000ದ ಸಾದಾ ಹಾರ್ಮೋನಿಯಂ ಒಂದನ್ನೂ, ಕೋಲ್ಕತ್ತಾದ ಪ್ರಸಿದ್ಧ ತಯಾರಕರ ₹70,000ದ ಸ್ಕೇಲ್ ಚೇಂಜರ್ ಒಂದನ್ನೂ ತೋರಿಸಿದರು. ಎರಡನೆಯದರಲ್ಲಿ ಪ್ಯಾರಿಸ್ ರೀಡುಗಳಿವೆ (ಗಾಳಿಗೆ ನುಡಿಯುವ ಲೋಹದ ನಾಲಗೆಗಳು) ಎನ್ನುತ್ತಾರೆ. ಬೆಲೆಯಲ್ಲಿರುವಷ್ಟು ಅಂತರ ನಾದದಲ್ಲಿಯೂ ಇರುತ್ತದೆಯೇ? ಬಲ್ಲವರು ತಿಳಿಸಬೇಕಾಗಿ ವಿನಂತಿ.

ಉತ್ತರ 1 (ಧಾರವಾಡ)

ನಾನು ಗಾಯಕರಿಗೆ ಸಾಥ್ ನೀಡುವವನು. ಒಂದೇ ಸಂಜೆ ಕಪ್ಪು ಒಂದರಲ್ಲಿ (ಪೇಟಿಯ ಮೊದಲ ಕಪ್ಪು ಪಟ್ಟಿಯನ್ನು ಷಡ್ಜವಾಗಿಟ್ಟು) ಹಾಡುವವರಿಗೂ ಕಪ್ಪು ನಾಲ್ಕರಲ್ಲಿ ಹಾಡುವವರಿಗೂ ನುಡಿಸಬೇಕಾದಾಗ, ಪಟ್ಟಿಗಳ ಸಾಲನ್ನೇ ಸರಿಸಿಕೊಂಡು ರೂಢಿಯ ಬೆರಳುಗಾರಿಕೆಯನ್ನು ಉಳಿಸಿಕೊಳ್ಳಲು ಸ್ಕೇಲ್ ಚೇಂಜರ್ ಉಪಯೋಗಕ್ಕೆ ಬರುತ್ತದೆ. ಒಂದೇ ಷಡ್ಜ ಹಿಡಿದು ಹಾಡುವ ವಿದ್ಯಾರ್ಥಿನಿಗೆ ಅದರಿಂದ ತೂಕ ಹೆಚ್ಚುವುದೇ ಹೊರತು ಬೇರೆ ಲಾಭವಿಲ್ಲ. ಕೆಟ್ಟರೆ ದುರಸ್ತಿಯೂ ತೊಡಕಿನದು. ಇನ್ನು ಪ್ಯಾರಿಸ್ ರೀಡಿನ ಮಾತು: ಅಲ್ಲಿನ ಹಳೆಯ ತಯಾರಿಕೆ ಎಂದೋ ನಿಂತಿದೆ. ಹಳೆಯ ಪೇಟಿಗಳಿಂದ ಬಿಚ್ಚಿದ ರೀಡುಗಳಾಗಿರಬಹುದು, ಬರಿಯ ಹೆಸರೂ ಆಗಿರಬಹುದು. ಗುಜರಾತಿನ ಪಾಲಿತಾಣಾದಲ್ಲಿ ತಯಾರಾಗುವ ಒಳ್ಳೆಯ ರೀಡುಗಳು ಕಲಿಕೆಗೆ ಧಾರಾಳವಾಗಿ ಸಾಕು.

ಅಂಗಡಿಯಲ್ಲಿ ಹೀಗೆ ಪರೀಕ್ಷಿಸಿ. ಯಾವ ಪಟ್ಟಿಯನ್ನೂ ಒತ್ತದೆ ತಿದಿಗೆ ಗಾಳಿ ತುಂಬಿ ಕೈಬಿಟ್ಟರೆ ಗಾಳಿ ಬಹಳ ನಿಧಾನವಾಗಿ ಇಳಿಯಬೇಕು. ಆಮೇಲೆ ತೀರ ಕಡಿಮೆ ಗಾಳಿ ಕೊಡುತ್ತ ಒಂದೊಂದೇ ಪಟ್ಟಿಯನ್ನು ಒತ್ತಿ, ತಡವರಿಸಿ ನುಡಿಯುವ ಸ್ವರ ಯಾವುದೆಂದು ಗಮನಿಸಿ. ರೀಡುಗಳ ಖರ್ಜ (ತಗ್ಗು ಸ್ವರದ) ಮತ್ತು ನರ (ಅದಕ್ಕಿಂತ ಎತ್ತರದ) ಸಾಲುಗಳೆರಡನ್ನೂ ತೆರೆದಾಗ ಧ್ವನಿ ಅಲೆಯಲೆಯಾಗಿ ನಡುಗಿದರೆ ಶ್ರುತಿ ಕೂಡಿಲ್ಲವೆಂದೇ ತಿಳಿಯಿರಿ. ಇವಿಷ್ಟರಲ್ಲಿ ಸಾದಾ ಪೇಟಿ ತೇರ್ಗಡೆಯಾದರೆ ಕಣ್ಣುಮುಚ್ಚಿ ಕೊಳ್ಳಬಹುದು.

ಉತ್ತರ 2 (ಹಾವೇರಿ)

ಮೇಲಿನವರ ಮಾತನ್ನು ಒಪ್ಪುತ್ತೇನೆ, ಕಣ್ಣುಮುಚ್ಚುವುದೊಂದನ್ನು ಬಿಟ್ಟು. ಮರವನ್ನು ನೋಡದೆ ಕೊಳ್ಳಬಾರದು. ಸರಿಯಾಗಿ ಒಣಗದ ಮರದ ಪಟ್ಟಿಗಳು ಮಳೆಗಾಲದ ತೇವಕ್ಕೆ ಉಬ್ಬಿ, ಒತ್ತಿದಲ್ಲಿಯೇ ಸಿಕ್ಕಿಕೊಳ್ಳುತ್ತವೆ. ಪ್ರತಿಷ್ಠಿತ ತಯಾರಕರಿಗೆ ಕೊಡುವ ಹಣದಲ್ಲಿ ಒಂದಿಷ್ಟು ಚೆನ್ನಾಗಿ ಹದಗೊಂಡ ಸಾಗುವಾನಿಗೂ ಸಲ್ಲುತ್ತದೆ. ಅಂಥವರದೇ ಹಳೆಯ ಸಾದಾ ಪೇಟಿ ಭಜನಾ ಮಂಡಳಿಯವರಲ್ಲೋ ನಾಟಕದವರಲ್ಲೋ ಸಿಕ್ಕರೆ ನಾನಾದರೆ ಅದನ್ನೇ ತರುತ್ತೇನೆ.

ಉತ್ತರ 3 (ಧಾರವಾಡ)

ಗಾಯನಕ್ಕೆ ತಂಬೂರಿ ಮೊದಲು, ಪೇಟಿ ಆಮೇಲೆ. ಎಷ್ಟೇ ಬೆಲೆಬಾಳುವ ಹಾರ್ಮೋನಿಯಂ ಆಗಲಿ, ಸಾಮಾನ್ಯವಾಗಿ ಸಪ್ತಕವನ್ನು 12 ಸಮಭಾಗ ಮಾಡಿಯೇ ಅದರ ಶ್ರುತಿ ಕೂಡಿಸಿರುತ್ತಾರಾದ್ದರಿಂದ, ಅದರ ಶುದ್ಧ ಗಾಂಧಾರವು ತಂಬೂರಿಯಲ್ಲಿ ತಾನಾಗಿ ಕೇಳಿಬರುವ ಗಾಂಧಾರಕ್ಕಿಂತ ತುಸು ಏರಿರುತ್ತದೆ. ಆಕಾಶವಾಣಿ 1940ರಿಂದ ಮೂರು ದಶಕ ಈ ವಾದ್ಯವನ್ನು ದೂರವಿಟ್ಟಾಗ ಇಂಥ ಆಕ್ಷೇಪಗಳೂ ಇದ್ದವು. ₹70,000 ತೆತ್ತರೂ ಈ ಮಿತಿ ಹೋಗುವುದಿಲ್ಲ. ಸಾದಾ ಪೇಟಿ ತಂದು, ಉಳಿದ ಹಣವನ್ನು ಮಿರಜಿನ ತಂಬೂರಿಗೆ ಇಡಿ. ಅಲ್ಲಿನ ತಂಬೂರಿಗೆ 2024ರಲ್ಲಿ ಭೌಗೋಳಿಕ ಗುರುತೂ ದೊರೆತಿದೆ. ಹುಬ್ಬಳ್ಳಿಯಿಂದ ರೈಲಿನಲ್ಲಿ ಹೋಗಿ, ಜವಾರಿಯನ್ನು (ತಂತಿಯ ಝೇಂಕಾರವನ್ನು) ಎದುರಿಗೇ ಕೂಡಿಸಿಕೊಂಡು ಬರಬಹುದು.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ಸ್ಕೇಲ್ ಚೇಂಜರ್ ವಿಚಾರ ಬಿಟ್ಟೆ. ಸಾದಾ ಪೇಟಿಯ ಶ್ರುತಿಯನ್ನು ವರ್ಷಕ್ಕೊಮ್ಮೆ ಮಾಡಿಸಬೇಕೇ?

ಉತ್ತರ 1 ಬರೆದವರು

ಕಿವಿಗೆ ಕೂಡದಿದ್ದಾಗ ಮಾತ್ರ ಮಾಡಿಸಿ. ರೀಡನ್ನು ಕೆರೆದೇ ಶ್ರುತಿ ಕೂಡಿಸುವುದರಿಂದ ಪ್ರತಿ ಸಲವೂ ಅದು ಒಂದಿಷ್ಟು ಸವೆಯುತ್ತದೆ. ನಿಮ್ಮೂರಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ದಿನವಿಡೀ ಪೇಟಿಗಳು ನುಡಿಯುತ್ತಿರುತ್ತವೆ. ಒಳ್ಳೆಯ ದುರಸ್ತಿಗಾರರು ಯಾರೆಂದು ಅಲ್ಲಿಯೇ ವಿಚಾರಿಸಿ.