ಆವಿಷ್ಕಾರಗಳು ಕೆಲವೇ ಕಡೆ ಗುಂಪುಗೂಡುತ್ತಿವೆಯೇ, ಅಥವಾ ನಕ್ಷೆಯೇ ನಮ್ಮನ್ನು ದಾರಿ ತಪ್ಪಿಸುತ್ತಿದೆಯೇ?

ಪ್ರಶ್ನೆ
ಒಂದು ಪ್ರದೇಶದ ಮೂವತ್ತು ವರ್ಷಗಳ ಪೇಟೆಂಟ್‌ಗಳನ್ನು ಅರ್ಜಿ ಸಲ್ಲಿಕೆಯಾದ ವರ್ಷದ ಪ್ರಕಾರ ಜಿಲ್ಲಾವಾರು ವಿಂಗಡಿಸಿ, ಐದು ವರ್ಷಕ್ಕೊಂದರಂತೆ ನಕ್ಷೆ ತಯಾರಿಸಿದ್ದೇನೆ. ಸಂಪರ್ಕ ಸಾಧನಗಳು ಸುಧಾರಿಸಿದಂತೆ ಚಟುವಟಿಕೆ ಹರಡಿಕೊಳ್ಳಬೇಕಿತ್ತು ಎಂದುಕೊಂಡಿದ್ದೆ. ಆದರೆ ಮೊದಲೇ ಮುಂದಿದ್ದ ಎರಡು ಮೂರು ಜಿಲ್ಲೆಗಳ ಪಾಲೇ ಹೆಚ್ಚುತ್ತಾ ಹೋಗಿದೆ. ಕೊನೆಯ ಅವಧಿಯಲ್ಲಂತೂ ಎಲ್ಲ ಕಡೆಯೂ ಸಂಖ್ಯೆ ಕುಸಿದಿದೆ. ಇದರಲ್ಲಿ ನಿಜವೆಷ್ಟು, ದತ್ತಾಂಶದ ದೋಷವೆಷ್ಟು?

ಮೊದಲ ಉತ್ತರ
ಕೊನೆಯ ಅವಧಿಯ ಕುಸಿತ ಬಹುಮಟ್ಟಿಗೆ ತೋರಿಕೆಯದು. ಅರ್ಜಿ ಮಂಜೂರಾಗಲು ವರ್ಷಗಳೇ ಹಿಡಿಯುವುದರಿಂದ, ಇತ್ತೀಚಿನ ಅರ್ಜಿಗಳಲ್ಲಿ ಹಲವು ಇನ್ನೂ ನಿಮ್ಮ ಲೆಕ್ಕಕ್ಕೇ ಬಂದಿರುವುದಿಲ್ಲ. ಆ ಅವಧಿಯನ್ನು ಕೈಬಿಡಿ.

ಅದಕ್ಕಿಂತ ಮುಖ್ಯವಾದದ್ದು ವಿಳಾಸ. ನೀವು ಹಕ್ಕುದಾರ ಕಂಪನಿಯ ವಿಳಾಸವನ್ನು ಹಿಡಿದಿದ್ದರೆ, ಪ್ರಯೋಗಾಲಯ ಎಲ್ಲೇ ಇರಲಿ, ಎಲ್ಲವೂ ಮುಖ್ಯ ಕಚೇರಿಯಿರುವ ಜಿಲ್ಲೆಯ ಖಾತೆಗೆ ಸೇರುತ್ತದೆ, ಕಂಪನಿಗಳು ವಿಲೀನವಾದಂತೆಲ್ಲ ಕೇಂದ್ರೀಕರಣ ಹೆಚ್ಚಿದಂತೆ ಕಾಣುತ್ತದೆ. ಆವಿಷ್ಕಾರಕರ ವಿಳಾಸ ಹಿಡಿದು, ಒಂದು ಪೇಟೆಂಟ್‌ಗೆ ಮೂವರಿದ್ದು ಇಬ್ಬರು ಒಂದೇ ಜಿಲ್ಲೆಯವರಾದರೆ ಆ ಜಿಲ್ಲೆಗೆ ಮೂರನೇ ಎರಡು ಪಾಲು ಕೊಡಿ. ಜಿಲ್ಲೆಯ ಗಡಿ ಆಡಳಿತಕ್ಕಾಗಿ ಎಳೆದ ಗೆರೆಯೇ ಹೊರತು ಜನ ಕೆಲಸಕ್ಕೆ ಓಡಾಡುವ ವ್ಯಾಪ್ತಿಯಲ್ಲ ಎಂಬುದನ್ನೂ ಮರೆಯಬೇಡಿ.

ಎರಡನೆಯ ಉತ್ತರ
ಇಷ್ಟೆಲ್ಲ ತಿದ್ದಿದ ಮೇಲೂ ಕೇಂದ್ರೀಕರಣ ಉಳಿಯುತ್ತದೆ ಎಂಬುದು ನನ್ನ ಅಂದಾಜು. 1993ರಲ್ಲಿ ಅರ್ಥಶಾಸ್ತ್ರಜ್ಞರಾದ ಜಾಫೆ, ಟ್ರಾಜ್ಟೆನ್‌ಬರ್ಗ್ ಮತ್ತು ಹೆಂಡರ್ಸನ್ ಅವರು ಅಮೆರಿಕದ ಪೇಟೆಂಟ್‌ಗಳನ್ನು, ಅದೇ ಕಾಲದ ಅದೇ ತಂತ್ರಜ್ಞಾನ ವರ್ಗದ ಬೇರೆ ಪೇಟೆಂಟ್‌ಗಳೊಂದಿಗೆ ಹೋಲಿಸಿ, ಹಿಂದಿನ ಪೇಟೆಂಟ್ ಒಂದನ್ನು ಉಲ್ಲೇಖಿಸುವವು ಅದರ ಊರಿನಿಂದಲೇ ಬರುವ ಸಾಧ್ಯತೆ ಹೆಚ್ಚೆಂದೂ ಆ ಒಲವು ಬಹಳ ನಿಧಾನವಾಗಿ ಕರಗುತ್ತದೆಂದೂ ತೋರಿಸಿದರು. ಕಾಗದದ ಮೇಲೆ ಬರೆದಿಡಲಾಗದ ಜ್ಞಾನ ಮನುಷ್ಯರ ಜೊತೆಯಲ್ಲೇ ಓಡಾಡುತ್ತದೆ, ಮನುಷ್ಯರು ಕೆಲಸ ಬದಲಿಸಿದರೂ ಸಾಮಾನ್ಯವಾಗಿ ಮನೆ ಬದಲಿಸುವುದಿಲ್ಲ.

ಟ್ರಾನ್ಸಿಸ್ಟರ್ ಕಂಡುಹಿಡಿದವರಲ್ಲೊಬ್ಬರಾದ ಶಾಕ್ಲಿಯ ಪ್ರಯೋಗಾಲಯವನ್ನೇ ನೋಡಿ. ಅದು ಕ್ಯಾಲಿಫೋರ್ನಿಯಾದ ಮೌಂಟನ್ ವ್ಯೂನಲ್ಲಿ 1956ರಲ್ಲಿ ಆರಂಭವಾಯಿತು; ಮರುವರ್ಷವೇ ಎಂಟು ಮಂದಿ ಹೊರಬಂದು ಹತ್ತಿರದಲ್ಲೇ ಫೇರ್‌ಚೈಲ್ಡ್ ಸೆಮಿಕಂಡಕ್ಟರ್ ಕಟ್ಟಿದರು, ಅವರಲ್ಲಿನ ನೋಯ್ಸ್ ಮತ್ತು ಮೂರ್ 1968ರಲ್ಲಿ ಇಂಟೆಲ್ ಸ್ಥಾಪಿಸಿದರು. ಕೆಲಸ ಬಿಟ್ಟವರು ಪ್ರತಿಸ್ಪರ್ಧಿ ಸಂಸ್ಥೆ ಸೇರದಂತೆ ಕಟ್ಟಿಹಾಕುವ ಒಪ್ಪಂದಗಳಿಗೆ ಆ ರಾಜ್ಯದಲ್ಲಿ 1872ರಿಂದಲೂ ಸಾಮಾನ್ಯವಾಗಿ ಮಾನ್ಯತೆಯಿಲ್ಲ. ಅದಕ್ಕೆ ಪೈಪೋಟಿ ನೀಡಿ ಹಿಂದೆಬಿದ್ದ ತಂತ್ರಜ್ಞಾನ ಕೇಂದ್ರ, ಬಾಸ್ಟನ್ ಸುತ್ತಲಿನ ಹೆದ್ದಾರಿ ರೂಟ್ 128ರ ಪ್ರದೇಶವಿರುವ ಮ್ಯಾಸಚೂಸೆಟ್ಸ್‌ನಲ್ಲಿ ಅವು ಜಾರಿಯಲ್ಲಿದ್ದವು.

ಮೂರನೆಯ ಉತ್ತರ
ಕಾನೂನಿಗೆ ಅಷ್ಟೊಂದು ಶ್ರೇಯಸ್ಸು ಕೊಡಲು ನಾನು ಸಿದ್ಧನಿಲ್ಲ. ರೂಟ್ 128ರ ಮಿನಿ ಕಂಪ್ಯೂಟರ್ (ಹಲವರು ಒಟ್ಟಿಗೆ ಬಳಸುತ್ತಿದ್ದ ಮಧ್ಯಮ ಗಾತ್ರದ ಯಂತ್ರ) ಕಂಪನಿಗಳು ಸೊರಗಲು ವೈಯಕ್ತಿಕ ಕಂಪ್ಯೂಟರ್‌ಗಳ ಏಳಿಗೆಯೂ ಕಾರಣ. ಮುಂದಿರುವ ಊರು ಮುಂದೆಯೇ ಇರುತ್ತದೆಂಬ ಖಾತರಿಯೂ ಇಲ್ಲ. ನ್ಯೂಯಾರ್ಕ್ ರಾಜ್ಯದ ರೋಚೆಸ್ಟರ್‌ನ ಫಿಲ್ಮ್ ಕಂಪನಿ ಕೊಡಾಕ್ 1975ರಲ್ಲೇ ಡಿಜಿಟಲ್ ಕ್ಯಾಮೆರಾ ರೂಪಿಸಿತ್ತು, 2012ರಲ್ಲಿ ಅದೇ ಕಂಪನಿ ದಿವಾಳಿ ರಕ್ಷಣೆ ಕೋರಿತು.

ಪ್ರಶ್ನೆ ಕೇಳಿದವರು
ಹಾಗಾದರೆ ಒಟ್ಟು ಸಂಖ್ಯೆಯ ನಕ್ಷೆಯಲ್ಲಿ ಇಂಥ ಏಳುಬೀಳುಗಳು ಕಾಣುವುದೇ ಇಲ್ಲವೇ?

ಮೊದಲ ಉತ್ತರದವರು
ಒಂದು ತಂತ್ರಜ್ಞಾನ ಕುಗ್ಗುವಾಗ ಅದೇ ಜಿಲ್ಲೆಯಲ್ಲಿ ಇನ್ನೊಂದು ಬೆಳೆದರೆ ಕಾಣುವುದಿಲ್ಲ. ತಂತ್ರಜ್ಞಾನ ವರ್ಗವಾರು ಬೇರೆ ಬೇರೆ ನಕ್ಷೆ ಮಾಡಿ, ಆ ವರ್ಗದಲ್ಲಿ ಜಿಲ್ಲೆಗಿರುವ ಪಾಲನ್ನು ಎಲ್ಲ ವರ್ಗಗಳಲ್ಲಿ ಅದಕ್ಕಿರುವ ಪಾಲಿನಿಂದ ಭಾಗಿಸಿ; ಒಂದಕ್ಕಿಂತ ಹೆಚ್ಚು ಬಂದರೆ ಮಾತ್ರ ವಿಶೇಷತೆ ಇದೆಯೆಂದರ್ಥ. ವರ್ಗೀಕರಣ ಕಾಲಕಾಲಕ್ಕೆ ಪರಿಷ್ಕರಣೆಯಾಗುವುದರಿಂದ ಹಳೆಯ ಪೇಟೆಂಟ್‌ಗಳಿಗೂ ಈಗಿನ ಸಂಕೇತಗಳನ್ನೇ ಬಳಸಿ.